ಚೀಟಿ ಮೇಡಂ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಾನು ಫೋನ್ ಎತ್ತುವುದಿಲ್ಲ ಎಂದು ಭಾವನ ಮುಂದೆ ಬೈದೆಯಂತೆ. ಬೈ. ಕೆಲಸ ಹೆಚ್ಚು ಎಂದದ್ದು ನೆಪ. ನನಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ. ಎದುರು ಕೂತು ಮುಖ ನೋಡಿಕೊಂಡು ಮಾತಾಡಿದರೆ ಹೇಗೋ ಆಗುತ್ತದೆ. ತರಗತಿಯಲ್ಲಿ ಫ್ಯಾನಿನ ಸದ್ದು, ಬೆಂಚು ಎಳೆಯುವ ಸದ್ದು ಬಿಟ್ಟರೆ ಬೇರೇನೂ ಕಿವಿಗೆ ಬೀಳುವುದಿಲ್ಲ. ನರ ಸೋತಿದೆ ಎಂದರು ಡಾಕ್ಟರು. ಯಂತ್ರ ಹಾಕಿಸಿಕೊಂಡೆ; ಫ್ಯಾನೇ ಇನ್ನಷ್ಟು ಜೋರಾಯಿತು.

ಅದಕ್ಕೊಂದು ಉಪಾಯ ಹುಡುಕಿದೆ. ಸಂದೇಹವಿದ್ದವರು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಬೇಕು; ಮುಂದಿನ ತರಗತಿಯಲ್ಲಿ ಮೊದಲು ಚೀಟಿ, ಆಮೇಲೆ ಪಾಠ. ಈವರೆಗೆ ಒಂದು ಚೀಟಿಯನ್ನೂ ಬಾಕಿ ಉಳಿಸಿಲ್ಲ. ನನಗೆ ಚೀಟಿ ಮೇಡಂ ಎಂದು ಹೆಸರಿಟ್ಟಿದ್ದಾರೆ. ಬೆಂಚಿನ ಮೇಲೆ ಕೆತ್ತಿದ್ದನ್ನು ಕಂಡೆ. ವಿಭಾಗದ ಮುಖ್ಯಸ್ಥರಂತೂ ಸಭೆಯಲ್ಲಿ, ಪಾಠ ಮಾಡೋದು ಅಂದ್ರೆ ಹೀಗೆ ಕಣ್ರಪ್ಪ, ಇವರನ್ನ ನೋಡಿ ಕಲೀರಿ ಅಂದರಂತೆ. ಏನೆಂದು ತಿಳಿಯದೆ ನಗುತ್ತಾ ಕೂತಿದ್ದೆ. ಪಕ್ಕದವರು ಆಮೇಲೆ ಹೇಳಿದರು.

ಚೀಟಿಗಳಲ್ಲಿ ಮುಂದಿನ ಬೆಂಚಿನ ಒಬ್ಬ ಹುಡುಗಿಯವು ಬಹಳ ಚೆಂದ, ದುಂಡು ಅಕ್ಷರ. ಗೆಳತಿಯರು ಗುಬ್ಬಚ್ಚಿ ಎನ್ನುತ್ತಾರೆ, ದನಿ ಅಷ್ಟು ಸಣ್ಣದಂತೆ. ಆಸರೆ ಎಲ್ಲಿದೆ ಎಂದು ಬಳ್ಳಿಗೆ ಮುಟ್ಟುವ ಮೊದಲೇ ತಿಳಿಯುತ್ತದೆಯೇ ಎಂದು ಒಮ್ಮೆ ಕೇಳಿದ್ದಳು. ಇಷ್ಟು ವರ್ಷ ಸಸ್ಯಶಾಸ್ತ್ರ ಕಲಿಸಿದವಳು ಅದಕ್ಕಾಗಿ ಮತ್ತೆ ಪುಸ್ತಕ ಹಿಡಿದೆ.

ಈಗ ಮೌಖಿಕ ಪರೀಕ್ಷೆ ಬಂದಿದೆ, ಮುಂದಿನ ಶುಕ್ರವಾರ. ಎಲೆಯನ್ನೋ ಬೇರನ್ನೋ ಕೈಯಲ್ಲಿ ಹಿಡಿದು ಒಬ್ಬೊಬ್ಬರೇ ಬಾಯಲ್ಲಿ ಉತ್ತರ ಹೇಳಬೇಕು. ಪಾಠ ಮಾಡಿದವರೇ ಅಂಕ ಹಾಕಬೇಕು. ಬರೆದು ಕೊಡಿ ಎನ್ನುವಂತಿಲ್ಲ; ಪರೀಕ್ಷೆ ಹೀಗೇ ಎಂದು ಮೊದಲ ದಿನ ಅವರ ಕೈಗೆ ಬರೆದುಕೊಟ್ಟವಳು ನಾನೇ. ಅಂಕದ ನಿಯಮವನ್ನು ನಡುವೆ ಬದಲಿಸುವವರನ್ನು ಕಂಡರೆ ನನಗೇ ಆಗುವುದಿಲ್ಲ. ಮುಖ್ಯಸ್ಥರಿಗೆ ನಿಜ ಹೇಳಿದರೆ ನನ್ನ ತರಗತಿಗಳನ್ನು ಬೇರೆಯವರಿಗೆ ಕೊಡುತ್ತಾರೆ. ಕೊಡಲೇಬೇಕು. ಅದು ಬಿಟ್ಟರೆ ನನಗೆ ಇನ್ನೇನು ಬರುತ್ತದೆ ಹೇಳು. ಚಿಕ್ಕಂದಿನ ಟೀಚರ್ ಆಟದಲ್ಲಿ ನೀನೇ ನನ್ನ ಮೊದಲ ಶಿಷ್ಯೆ, ಏಟೂ ತಿಂದಿದ್ದೀಯ.

ಏನು ಮಾಡಲಿ ಅಕ್ಕ? ಬರೆದು ತಿಳಿಸು. ಅಮ್ಮನಿಗೆ ಹೇಳಬೇಡ.

ನಿನ್ನ ತಂಗಿ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬಾರದ್ದು: ಮುಂದಿನ ಶುಕ್ರವಾರ ಎಂದದ್ದು ಸುಳ್ಳು, ಪರೀಕ್ಷೆ ಮೊನ್ನೆಯೇ ಮುಗಿಯಿತು. ಬಾಯಿ ಬಿಟ್ಟು ಮಾತಾಡಿದವರ ಉತ್ತರವನ್ನು ತುಟಿಯಲ್ಲೇ ಓದಿದೆ. ಗುಬ್ಬಚ್ಚಿ ತಲೆ ಬಗ್ಗಿಸಿ, ಕೈಯಲ್ಲಿದ್ದ ಎಲೆಗೇ ಹೇಳುವಂತೆ ಹೇಳಿದಳು. ಜೋರಾಗಿ ಹೇಳಮ್ಮ ಎಂದೆ. ಇನ್ನಷ್ಟು ಬಗ್ಗಿದಳು. ಮತ್ತೆ ಗದರಿದೆ. ಬಾಗಿಲಲ್ಲಿ ಉಳಿದವರು ಇಣುಕುತ್ತಿದ್ದರು. ಕೇಳಿಸದ ಉತ್ತರಕ್ಕೆ ಎಷ್ಟು ಅಂಕ ಕೊಡಲಿ? ಎಲ್ಲರಿಗಿಂತ ಕಡಿಮೆ ಅವಳಿಗೇ ಬಿತ್ತು. ನಿನ್ನೆ ಫಲಕದಲ್ಲಿ ಅಂಕ ಹಾಕಿ ಬರುವಷ್ಟರಲ್ಲಿ ಮೇಜಿನ ಮೇಲೆ ಅದೇ ದುಂಡು ಅಕ್ಷರ: ಮೇಡಂ, ನಾನು ಹೇಳಿದ್ದರಲ್ಲಿ ಯಾವುದು ತಪ್ಪು?

ನಾಳೆ ಬೆಳಿಗ್ಗೆ ತರಗತಿಯಿದೆ. ಮೊದಲು ಚೀಟಿ, ಆಮೇಲೆ ಪಾಠ.