ವಾಪಸ್ ಬಂದ ಮೂರು ಗುಂಡು

ಪ್ರೀತಿಯ ಅಪ್ಪನಿಗೆ,

ಮಂಡಿನೋವಿನ ಮಾತ್ರೆ ಕಳಿಸಿದ್ದೇನೆ. ಊಟವಾದ ಮೇಲೆ ತೆಗೆದುಕೊಳ್ಳಿ.

ತಾತ ಸೈನ್ಯದಲ್ಲಿ ಹಿಡಿದಿದ್ದ ರೈಫಲ್ ಕೊನೆಗೂ ಸಿಕ್ಕಿತು. ಹನ್ನೊಂದು ವರ್ಷದಿಂದ ಹಳೆಯ ರೈಫಲ್‌ಗಳನ್ನು ಕೂಡಿಡುತ್ತ ನಾನು ಹುಡುಕುತ್ತಿದ್ದುದು ಇದೊಂದನ್ನೇ. ಹಿಡಿಯ ತಗಡಿನ ಮೇಲಿನ ನಂಬರು ತಾತನ ಸೇವಾ ಪುಸ್ತಕದ ನಂಬರಿಗೆ ಸರಿಹೋಯಿತು. ಆ ಖುಷಿಯಲ್ಲಿ ಅವರ ದಳದ ಹಳೆಯ ಕಡತಗಳಿರುವ ಕಚೇರಿಗೂ ಹೋದೆ. ಹೋಗಬಾರದಿತ್ತು.

ಗಿರಣಿಯ ಬಾಗಿಲಲ್ಲಿ ಮುಷ್ಕರ ಹೂಡಿದ ಕೆಲಸಗಾರರ ಮೇಲೆ ಗೋಲಿಬಾರ್ ಆದ ದಿನದ ಪುಟವನ್ನು ಅಲ್ಲಿನ ಗುಮಾಸ್ತರು ಓದಿದರು. "ಬೆಳಿಗ್ಗೆ ನಿಮ್ಮ ತಾತನಿಗೆ ಹತ್ತು ಗುಂಡು ಕೊಟ್ಟಿದ್ದಾರೆ, ಸಂಜೆ ಮೂರು ವಾಪಸ್ ಬಂದಿವೆ."

"ಇನ್ನೊಂದ್ಸಲ ನೋಡಿ ಸಾರ್. ನಮ್ಮ ತಾತ ಗುಂಡು ಹಾರಿಸಲ್ಲ ಅಂತ ನಿಂತವರು," ಎಂದೆ.

ಅವರು ಪುಸ್ತಕವನ್ನೇ ನನ್ನ ಕಡೆ ತಿರುಗಿಸಿದರು. ಕೆಳಗೆ ತಾತನ ಸಹಿ ಇತ್ತು.

ಶನಿವಾರ ಶಾಲೆಯ ಮಕ್ಕಳಿಗೆ, ತಾತ ಗುಂಡು ಹಾರಿಸದೆ ನಿಂತ ಆ ಕಥೆ ಹೇಳಲು ಒಪ್ಪಿಕೊಂಡಿದ್ದೀರಂತೆ. ದಯವಿಟ್ಟು ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳಿ. ನಿಜ ನಿಮಗೆ ಮೊದಲೇ ಗೊತ್ತಿದ್ದರೆ ಹಾಗೆಂದು ಬರೆಯಿರಿ, ನಾನು ಕೋಪಿಸಿಕೊಳ್ಳುವುದಿಲ್ಲ.

ರೈಫಲನ್ನು ಮಾರಿಬಿಡೋಣವೆಂದುಕೊಂಡೆ, ಆಗಲಿಲ್ಲ. ಅದರ ಮರದ ಮೇಲೆ ಚಾಕುವಿನಿಂದ ಕೆತ್ತಿದ ಎರಡಕ್ಷರವಿದೆ: ಪುಟ್ಟು. ನಿಮ್ಮನ್ನು ಹಾಗೆ ಕರೆಯುತ್ತಿದ್ದವರು ತಾತ ಒಬ್ಬರೇ ಅಲ್ಲವೇ?

ಇಂತಿ,
ನಿಮ್ಮ ಮಗಳು