ನೂರಾ ಎಂಬತ್ತೆಂಟು ವೋಲ್ಟ್

ಗದಗ
೩೦ ಫೆಬ್ರವರಿ, ೨೨೯೧

ವಿದ್ಯುತ್ ತಂತಿ ಕಾಯುತ್ತಿರುವ ಹಿರಿಯರೇ,

ನಿಮ್ಮ ಹಳೆಯ ಕಾಲದ ಫೆಬ್ರವರಿಗೆ ಮೂವತ್ತನೆಯ ತಾರೀಖು ಇಲ್ಲವೆಂದು ಬಲ್ಲೆ, ನಮ್ಮದಕ್ಕೆ ಇದೆ. ನನ್ನ ಮಾತುಗಳೂ ಹಾಗೆಯೇ ವಿಚಿತ್ರವೆನಿಸಿದರೆ ಮನ್ನಿಸಬೇಕು. ಆದರೆ ನಿನ್ನೆ ನಡೆದದ್ದನ್ನು ಹೇಳದೆ ಇರಲಾರೆ.

ನಾನು ಶಿವಲೀಲಾ ಹೂಗಾರ, ಇಲ್ಲಿಯ ಹೆರಿಗೆ ಆಸ್ಪತ್ರೆಯಲ್ಲಿ ತಂತಿಗಾವಲಿನವಳು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ನಾವು ಕಾವುತೊಟ್ಟಿಲಲ್ಲಿ ಇಡುತ್ತೇವೆ. ಅದು ಮೈ ಬೆಚ್ಚಗಿಡುತ್ತದೆ, ಉಸಿರಿಗೆ ಆಸರೆಯಾಗುತ್ತದೆ, ತಾಯಿಯ ಎದೆಬಡಿತವನ್ನೂ ಕೇಳಿಸುತ್ತದೆ. ಐದು ದಿನಗಳಿಂದ ಒಂಬತ್ತು ತೊಟ್ಟಿಲುಗಳೂ ಇದ್ದಕ್ಕಿದ್ದಂತೆ ನಿಲ್ಲುತ್ತಿದ್ದವು. ಮತ್ತೆ ಶುರುವಾಗಲು ನಾಲ್ಕು ನಿಮಿಷ. ಅಷ್ಟು ಹೊತ್ತು ದಾದಿ ಮೆಹರುನ್ನಿಸಾ ಮತ್ತು ಜೊತೆಯವರು ಕೂಸುಗಳನ್ನು ಎದೆಗವಚಿಕೊಂಡು ಕೈಯಿಂದಲೇ ಉಸಿರಿನ ಚೀಲ ಒತ್ತುತ್ತಿದ್ದರು. ಆಸರೆಗಿದ್ದ ಬ್ಯಾಟರಿ ಎಚ್ಚೆತ್ತುಕೊಳ್ಳುವಷ್ಟು ಹೊತ್ತೂ ಕರೆಂಟು ಹೋಗುತ್ತಿರಲಿಲ್ಲ. ಗೋಡೆಯ ಮೀಟರಂತೂ ಸದಾ ೨೩೦ ವೋಲ್ಟ್ ಎಂದೇ ತೋರಿಸುತ್ತಿತ್ತು.

ನಾನು ತಂತಿಗೆ ಎಚ್ಚರಗಣ್ಣು ಕಟ್ಟಿದೆ. ನಿಮ್ಮಲ್ಲೂ ಇರುವ ಪೆಟ್ಟಿಗೆಯೇ ಅದು. ಹಾಕಿಕೊಟ್ಟ ಮಿತಿಗಿಂತ ವೋಲ್ಟೇಜ್ ಇಳಿದ ಕ್ಷಣವನ್ನು ಬರೆದಿಡುತ್ತದೆ. ಮೊದಲು ೨೨೫ ಎಂದು ಮಿತಿ ಹಾಕಿದೆ. ಲಿಫ್ಟ್ ಓಡಿದಾಗಿನ ಸಣ್ಣಪುಟ್ಟ ಇಳಿತಗಳನ್ನೆಲ್ಲ ಬರೆದು ಮಧ್ಯಾಹ್ನದೊಳಗೆ ಪೆಟ್ಟಿಗೆ ತುಂಬಿಹೋಯಿತು. ಆಮೇಲೆ ತೊಟ್ಟಿಲು ನಿಂತದ್ದು ದಾಖಲಾಗಲೇ ಇಲ್ಲ. ಸಿಟ್ಟಿನಲ್ಲಿ ೧೫೦ಕ್ಕೆ ಇಳಿಸಿದೆ. ಮರುದಿನ ತೊಟ್ಟಿಲುಗಳು ಎರಡು ಸಲ ನಿಂತವು, ಪೆಟ್ಟಿಗೆ ಮಾತ್ರ ಖಾಲಿ.

ಹಿರಿಯ ಲೈನ್‌ಮನ್ ಫಕೀರಪ್ಪ ಕಾಕಾ ನೋಡಿ ತಲೆಯಾಡಿಸಿದರು. "ನಿನ್ನ ಮನಸಿಗೆ ಬಂದ ನಂಬರ್ ಹಾಕಾಕತ್ತೀಯಲ್ಲವ್ವಾ. ತೊಟ್ಟಿಲು ಎಷ್ಟಕ್ಕ ನಿಲ್ತೈತಿ? ಅದನ್ನ ಕೇಳೀಯೇನು?"

ಕೇಳಿರಲಿಲ್ಲ. ಉಗ್ರಾಣದಲ್ಲಿ ಹೆಚ್ಚುವರಿಯಾಗಿದ್ದ ಖಾಲಿ ತೊಟ್ಟಿಲೊಂದನ್ನು ತಂದು, ಇಬ್ಬರೂ ಕೂತು ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದೆವು. ೧೮೪ಕ್ಕೆ ನಿಂತಿತು. ತುಸು ಮೊದಲೇ ಗೊತ್ತಾಗಲೆಂದು ಮಿತಿಯನ್ನು ೧೮೮ಕ್ಕೆ ಇಟ್ಟೆ. ಇಳಿಯುವ ಮುಂಚಿನ ಅರ್ಧ ಸೆಕೆಂಡೂ, ಆಗ ಕಟ್ಟಡಕ್ಕೆ ಹರಿದ ಕರೆಂಟೂ ದಾಖಲಾಗುವಂತೆ ಮಾಡಿದೆ.

ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಪೆಟ್ಟಿಗೆ ಕೂಗಿತು. ಒಂದೇ ಒಂದು ದಾಖಲೆ! ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ೧೭೧ಕ್ಕೆ ಕುಸಿದು ಮತ್ತೆ ಏರಿತ್ತು. ಅದೇ ಗಳಿಗೆಯಲ್ಲಿ ಕರೆಂಟು ಆರು ಪಟ್ಟು ಮೇಲಕ್ಕೆ ಹಾರಿತ್ತು.

"ಹೊರಗಿಂದಲ್ಲ ಕಾಕಾ! ನಮ್ಮ ಕಟ್ಟಡದಾಗ ಏನೋ ಎಳ್ಯಾಕತ್ತೈತಿ!" ಎಂದು ಕೂಗುತ್ತ ಮೆಟ್ಟಿಲಿಳಿದು ಓಡಿದೆ.

ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ದೊಡ್ಡ ಯಂತ್ರ ಆಗಷ್ಟೇ ತಿರುಗಲು ಶುರುವಾಗಿತ್ತು. ಕಳೆದ ವಾರ ಅದಕ್ಕೆ ಹೊಸ ಮೋಟಾರು ಹಾಕಿದ್ದರಂತೆ. ನಮಗೆ ಯಾರೂ ಹೇಳಿರಲಿಲ್ಲ. ಒಳಗೆ ತಿರುಗುತ್ತಿದ್ದದ್ದು ಆ ಕೂಸುಗಳದೇ ಬಟ್ಟೆ. ಸಂಜೆಯೊಳಗೆ ಕಾಕಾ ಅದಕ್ಕೆ ಬೇರೆ ಲೈನ್ ಎಳೆದರು. ಮೂರು ಸಲ ಯಂತ್ರ ಚಾಲೂ ಮಾಡಿದೆವು. ಮೂರನೆಯ ಸಲ ಮೆಹರುನ್ನಿಸಾ ಮೇಲಿನಿಂದ ಕೂಗಿದಳು: "ನಿಂತಿಲ್ರೀ! ಒಂದೂ ನಿಂತಿಲ್ಲ!" ಕಾಕಾ ಯಂತ್ರದ ಪಕ್ಕದಲ್ಲೇ ಕೂತು, ತಲೆಯ ವಸ್ತ್ರ ಬಿಚ್ಚಿ ಕಣ್ಣೊರೆಸಿಕೊಂಡರು.

ಹಿರಿಯರೇ, ಒಂದೇ ಬೇಡಿಕೆ. ಮಿತಿ ಹಾಕುವಾಗ, ಆ ಸಂಖ್ಯೆ ಯಾರನ್ನು ಕಾಯುವುದಕ್ಕೆ ಎಂದು ಪೆಟ್ಟಿಗೆಯ ಮೇಲೆ ಬರೆದಿಡಿ. ನಾನು ಬರೆದಿದ್ದೇನೆ: "೧೮೮. ಒಂಬತ್ತು ಕೂಸು." ಈಗ ಅದನ್ನು ಎಂಟು ಎಂದು ತಿದ್ದಬೇಕು, ಒಂದನ್ನು ಅದರ ತಾಯಿ ಇವತ್ತು ಮನೆಗೆ ಕರೆದೊಯ್ಯುತ್ತಿದ್ದಾಳೆ. ಅವಳೂ ಮೆಹರುನ್ನಿಸಾಳೂ ಬಾಗಿಲಲ್ಲಿ ನಿಂತು ನನ್ನನ್ನು ಕರೆಯುತ್ತಿದ್ದಾರೆ. ಬರುತ್ತೇನೆ.

ಶಿವಲೀಲಾ