ಬೆಂಚಿನ ಮೇಲಿನ ಪಂಪು

ಡ್ರೈ ಫೋರ್ಕ್, ಟೆಕ್ಸಸ್
9 ಆಗಸ್ಟ್ 1998, ಭಾನುವಾರ

ಪ್ರೀತಿಯ ಮಗಳೇ ಆರ್ಡಿತ್,

ಕಾಲಿನ ಊತ ಇಳಿಯಿತೇ? ನಿಮ್ಮಮ್ಮನಿಗೂ ಏಳನೇ ತಿಂಗಳಲ್ಲಿ ಹಾಗೇ ಆಗಿತ್ತು. ಸಿಟ್ಟು ಅದಕ್ಕಿಂತ ಹೆಚ್ಚು ಊದಿತ್ತು. ಪಾತ್ರೆಯನ್ನು ಗಂಡನ ಕೈಲಿ ತೊಳೆಸು. ನಿಮ್ಮ ಹೊಸ ಮನೆಗೆ ಫೋನು ಬರುವವರೆಗೆ ನಮಗೆ ಕಾಗದವೇ ಗತಿ.

ಇಲ್ಲಿಯ ಸುದ್ದಿ ನನಗೇ ಪೂರ್ತಿ ಅರ್ಥವಾಗಿಲ್ಲ. ಕರಬೂಜ ಬೆಳೆಯುವ ಲೀಲ್ಯಾಂಡ್ ಸ್ಟ್ರೌಡ್ ಇದ್ದಾನಲ್ಲ, ಅವನು ಹಣ್ಣು ತೊಳೆಯುವ ತೊಟ್ಟಿಗೆ ಹೊಸ ನೀರು ಹಾಯಿಸುವ ಪಂಪು ಕೆಟ್ಟು ನನ್ನ ಅಂಗಡಿಗೆ ರಿಪೇರಿಗೆ ಬಂತು. ಬೇಕಾದ ಬಿಡಿಭಾಗ ಬರಲಿಲ್ಲ. ಪಂಪು ನನ್ನ ಬೆಂಚಿನ ಮೇಲೆ, ಅವನ ಲಾರಿಗಳು ಮಾತ್ರ ದಿನಾ ತುಂಬಿಕೊಂಡು ನನ್ನ ಬಾಗಿಲ ಮುಂದೆಯೇ ಓಡಾಟ. ಹತ್ತೊಂಬತ್ತನೇ ದಿನ ಅವನ ತೋಟಕ್ಕೇ ಹೋಗಿ ನೋಡಿದೆ. ಅದೇ ಹಳೇ ನೀರಲ್ಲಿ ಹಣ್ಣು ತೊಳೆಯುತ್ತಿದ್ದರು, ತೊಟ್ಟಿಯ ನೀರು ಕಾಫಿಯ ಬಣ್ಣಕ್ಕಿತ್ತು.

ಚರ್ಚಿನ ಊಟಕ್ಕೆ ಎಲ್ಲರೂ ಮನೆಯಿಂದ ತಂದು, ಬಟ್ಟಲಿನ ಮುಂದೆ ಹೆಸರಿನ ಚೀಟಿ ಇಡುತ್ತೇವಲ್ಲ, ಅವನ ಹೆಂಡತಿಯ ಕರಬೂಜದ ಬಟ್ಟಲಿನ ಚೀಟಿಯ ಕೆಳಗೆ ನಾನು ಬರೆದೆ: ‘ಕೊಳಕು ನೀರಲ್ಲಿ ತೊಳೆದದ್ದು, ತಿಂದರೆ ಕಾಯಿಲೆ.’ ಆ ವಾರವೇ ಎರಡು ಅಂಗಡಿಯವರು ಅವನ ಹಣ್ಣು ಬೇಡವೆಂದರು. ನನಗೆ ವಕೀಲರ ನೋಟೀಸು ಬಂತು. ಬೇಗ ಕೆಡುವ ಆಹಾರದ ಬಗ್ಗೆ ಸುಳ್ಳು ಹೇಳಿ ಹೆಸರು ಕೆಡಿಸಿದರೆ ನಷ್ಟ ತುಂಬಿಕೊಡಬೇಕೆಂಬ ಕಾನೂನು ನಮ್ಮ ರಾಜ್ಯದಲ್ಲಿದೆಯಂತೆ. ಕರಬೂಜಕ್ಕೂ ಮಾನವಿದೆಯೆಂದು ಅರವತ್ತಮೂರನೇ ವಯಸ್ಸಿನಲ್ಲಿ ಕಲಿತೆ.

ನನ್ನ ವಕೀಲಮ್ಮ ಕೇಳಿದಳು: "ಪಂಪು ಕೆಟ್ಟಿತ್ತು ಅನ್ನೋದಕ್ಕೆ ಸಾಕ್ಷಿ ಇದೆ, ಯಜಮಾನ್ರೇ. ಹಣ್ಣು ಕೆಟ್ಟಿತ್ತು ಅನ್ನೋದಕ್ಕೆ? ಲ್ಯಾಬಿಗೆ ಕಳ್ಸಿದ್ರಾ?"

"ಕಣ್ಣಾರೆ ನೋಡ್ದೆನಮ್ಮಾ."

"ನಿಮ್ಮ ಕಣ್ಣಿಗೆ ರೋಗಾಣು ಕಾಣುತ್ತಾ?"

ನನಗೆ ಕರಬೂಜ ಇಷ್ಟವಿಲ್ಲ ಎನ್ನಬಹುದಂತೆ, ಆ ಕರಬೂಜ ಸರಿಯಿಲ್ಲ ಎನ್ನುವಾಗ ಪುರಾವೆ ಇರಬೇಕಂತೆ. "ಕೋರ್ಟಲ್ಲಿ ಗೆಲ್ಲಬಹುದು, ಗೆಲ್ಲೋಷ್ಟರಲ್ಲಿ ಅಂಗಡಿ ಇರಲ್ಲ" ಎಂದಳು. ಆ ಹಣ್ಣಿನ ಬಗ್ಗೆ ಇನ್ನು ತುಟಿ ಬಿಚ್ಚುವುದಿಲ್ಲವೆಂದು ಸಹಿ ಹಾಕಿಕೊಟ್ಟೆ. ನಾನು ಹೇಳಿದ್ದು ನಿಜವೋ ಸುಳ್ಳೋ? ಊರಲ್ಲಿ ಇನ್ನೂ ಯಾರೂ ಹಾಸಿಗೆ ಹಿಡಿದಿಲ್ಲ. ಹಾಗಾದರೆ ಸುಳ್ಳೇ? ಯಾರಾದರೂ ಹಿಡಿದರೆ ಆಗ ನಿಜವೇ?

ಲೀಲ್ಯಾಂಡ್ ಕೆಟ್ಟವನಲ್ಲ. ಕೈ ಕುಲುಕಿ, "ಆದದ್ದಾಯ್ತು ಬಿಡೋ. ಮಗಳು ಬಸುರಿಯಂತಲ್ಲ, ವಿಳಾಸ ಕೊಡು" ಎಂದ. ಕೊಟ್ಟೆ.

ಹೊಟ್ಟೆಯಲ್ಲಿರುವ ಮರಿಗೆ ತಾತನ ಮುತ್ತು ಮುಟ್ಟಿಸು. ಇಬ್ಬರೂ ಸುಖವಾಗಿರಿ.

ನಿನ್ನ ಅಪ್ಪ,
ವೆಂಡೆಲ್

ತಾ.ಕ.: ಈಗಷ್ಟೇ ಚರ್ಚಿನ ಬಾಗಿಲಲ್ಲಿ ಲೀಲ್ಯಾಂಡ್ ಹೇಳಿದ: ಅವನ ಲಾರಿ ಗುರುವಾರ ನಿಮ್ಮ ಊರು ತಲ್ಸಾಗೆ ಬರುತ್ತದೆ, ನಿನಗೊಂದು ಪೆಟ್ಟಿಗೆ ಕರಬೂಜ ಉಡುಗೊರೆ. ನಾಳೆ ಬೆಳಿಗ್ಗೆಯೇ ಈ ಕಾಗದ ತುರ್ತು ಅಂಚೆಗೆ ಹಾಕುತ್ತೇನೆ. ಆ ಹಣ್ಣಿನ ಬಗ್ಗೆ ನಾನೇನೂ ಹೇಳುತ್ತಿಲ್ಲ. ಪಂಪು ಇನ್ನೂ ನನ್ನ ಬೆಂಚಿನ ಮೇಲೇ ಇದೆ. ಪೆಟ್ಟಿಗೆ ಬಿಚ್ಚಬೇಡ, ಪಕ್ಕದ ಮನೆಗೂ ಕೊಡಬೇಡ. ಯಾರಾದರೂ ಯಾಕೆಂದು ಕೇಳಿದರೆ, ನಮ್ಮಪ್ಪನಿಗೆ ಕರಬೂಜ ಇಷ್ಟವಿಲ್ಲ ಅನ್ನು. ಅಷ್ಟು ಹೇಳಬಹುದಂತೆ.